ಡಾಕ್ಟರು ಹೇಳಿದ ಇನ್ನರ್ಧ ಮಾತು

ಗಾವಡಗೆರೆ
18-7-1999

ಅಂತರಸಂತೆಯ ಬೀಗರಾದ ಸೋಮಯ್ಯನವರಿಗೆ ಸಿದ್ದಮಲ್ಲಪ್ಪನ ನಮಸ್ಕಾರಗಳು.

ಎಲ್ಲರೂ ಕ್ಷೇಮ ಎಂದು ಬರೆಯಬೇಕಾದ ಜಾಗದಲ್ಲಿ ಕೈ ಸ್ವಲ್ಪ ತಡೆಯುತ್ತಿದೆ. ನಿಮ್ಮ ಮಗಳು ಸುಧಾಮಣಿ ನಮ್ಮ ಮನೆ ತುಂಬಿ ಹದಿನಾಲ್ಕು ತಿಂಗಳಾಯಿತು. ಇಷ್ಟು ದಿನ ಅವಳ ಬಗ್ಗೆ ನಾನು ಒಂದು ಮಾತು ಬರೆದವನಲ್ಲ. ಇದನ್ನೂ ದೂರು ಎಂದುಕೊಳ್ಳಬೇಡಿ.

ನಿಮಗೆ ಗೊತ್ತಿರುವಂತೆ ಇದು ಹೊಗೆಸೊಪ್ಪು ಮುರಿಯುವ ಕಾಲ. ಮನೆಯ ಹೆಂಗಸರೆಲ್ಲ ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಕೂತು ಎಲೆಯನ್ನು ಕಡ್ಡಿಗೆ ಕಟ್ಟುತ್ತಾರೆ. ಸುಧಾ ಬೆಳಿಗ್ಗೆ ಎಲ್ಲರಿಗಿಂತ ಮುಂದೆ. ಹತ್ತು ಹದಿನೈದು ಕಡ್ಡಿ ಆಗುವಷ್ಟರಲ್ಲಿ ಅವಳ ಕೈ ತೊಡೆಯ ಮೇಲೆ ಬೀಳುತ್ತದೆ, ಮತ್ತೆ ಏಳುವುದಿಲ್ಲ. ಊಟಕ್ಕೆ ಕೂತರೆ ಎರಡು ತುತ್ತಿನ ನಂತರ ದವಡೆಯನ್ನು ಅಂಗೈಯಿಂದ ಎತ್ತಿ ಹಿಡಿದುಕೊಳ್ಳುತ್ತಾಳೆ. ನೀರು ಕುಡಿದರೆ ಮೂಗಿಗೆ ಬರುತ್ತದೆ. ಸಂಜೆಯ ಹೊತ್ತಿಗೆ ಮಾತೆಲ್ಲ ಮೂಗಿನಲ್ಲಿ. ಒಂದು ನಿದ್ದೆ ಮಾಡಿ ಎದ್ದರೆ ಏನೂ ಆಗದವಳಂತೆ ಅಂಗಳ ಗುಡಿಸುತ್ತಾಳೆ.

ನನ್ನ ಹೆಂಡತಿ ಸುನಂದಮ್ಮ ಬಾಯಿಗೆ ಬಂದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳಲ್ಲ. "ಅದ್ಯಾವ ಕಾಯ್ಲೆ ಕಣ್ರೀ, ವತ್ತಾರೆ ಓಗಿ ಮದ್ಯಾನ ಬರೋದು? ಕೆಲ್ಸ ಕಂಡ್ರೆ ಬರೋ ಕಾಯ್ಲೆ ಅದು" ಎನ್ನುತ್ತಾಳೆ. ನನ್ನ ಮಗ ಶಿವಶಂಕರ ಏನೂ ಹೇಳುವುದಿಲ್ಲ. ಹೆಂಡತಿಯ ಪಾಲಿನ ಕಡ್ಡಿಗಳನ್ನು ತಾನೇ ಕಟ್ಟಿ ಏಳುತ್ತಾನೆ. ಅದನ್ನು ನೋಡಿ ಊರಿನವರು ನಗುತ್ತಾರೆ.

ಮದುವೆಗೆ ಮೊದಲು ಅವಳಿಗೆ ಹೀಗೆ ಇತ್ತೇ? ಬಿಡಿಸಿ ಬರೆಯಿರಿ. ನಾನು ಸೊಸೈಟಿಯ ಡೈರೆಕ್ಟರಾಗಿ ಹತ್ತು ಜನರ ವ್ಯಾಜ್ಯ ತೀರಿಸುವವನು. ನಮ್ಮ ನಡುವೆ ಮುಚ್ಚುಮರೆ ಬೇಡ.

ನಿಮ್ಮ ಉತ್ತರ ಕಾಯುವ,
ಸಿದ್ದಮಲ್ಲಪ್ಪ

*

ಅಂತರಸಂತೆ
26-7-1999

ಬೀಗರಿಗೆ ಸೋಮಯ್ಯನ ಶರಣು.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೂವತ್ತೊಂದು ವರ್ಷ ಕಾಡಿನಲ್ಲಿ ವಾಚರ್ ಕೆಲಸ ಮಾಡಿದವನು ನಾನು, ಬರೆದು ಅಭ್ಯಾಸ ಕಡಿಮೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಹೇಳಿದ್ದು ನಮ್ಮ ಮನೆಯಲ್ಲಿ ಯಾವತ್ತೂ ಕಂಡದ್ದಲ್ಲ. ಅವಳ ತಾಯಿ ತೀರಿಕೊಂಡಾಗ ಸುಧಾಗೆ ಹನ್ನೊಂದು ವರ್ಷ. ಅಂದಿನಿಂದ ನನ್ನ ಮನೆ ನಡೆಸಿದ್ದು ಅವಳ ಕೈ. ತಲೆಯ ಮೇಲೊಂದು ಸೊಂಟದ ಮೇಲೊಂದು ಬಿಂದಿಗೆ ಹೊತ್ತು ಹಿನ್ನೀರಿನ ಏರಿ ಹತ್ತುತ್ತಿದ್ದ ಹುಡುಗಿ. ನನಗೆ ತೋಚುವುದು ಇಷ್ಟೇ: ಹಸಿ ಹೊಗೆಸೊಪ್ಪಿನ ಅಂಟು ಕೈಗೆ ಹತ್ತಿದರೆ ಹೊಸಬರಿಗೆ ತಲೆ ಸುತ್ತುತ್ತದೆ, ವಾಂತಿ ಬರುತ್ತದೆ ಎಂದು ಕೇಳಿದ್ದೇನೆ. ನಮ್ಮ ಕಡೆ ರಾಗಿ, ಹುರುಳಿ ಬಿಟ್ಟರೆ ಆ ಬೆಳೆ ಅವಳಿಗೆ ಗೊತ್ತಿಲ್ಲ. ಅದೇ ಇರಬೇಕು.

ಬೀಗಿತ್ತಿಯವರಿಗೆ ಸ್ವಲ್ಪ ಸಹನೆ ಹೇಳಿ. ಹುಣಸೂರಿನಲ್ಲಿ ಒಳ್ಳೆಯ ಡಾಕ್ಟರಿದ್ದರೆ ಒಮ್ಮೆ ತೋರಿಸಿ.

ಸೋಮಯ್ಯ

*

ಗಾವಡಗೆರೆ
2-9-1999

ಬೀಗರಿಗೆ ನಮಸ್ಕಾರ.

ಸೊಪ್ಪಿನ ಅಂಟಲ್ಲ. ಎಂಟು ದಿನ ಅವಳನ್ನು ಚಪ್ಪರದ ಹತ್ತಿರ ಬಿಡದೆ ನೋಡಿದೆವು. ಹಾಗೆಯೇ ಇದ್ದಳು.

ಹುಣಸೂರಿನ ಡಾಕ್ಟರು ಅವಳ ಬಾಯಿಂದ ಒಂದು, ಎರಡು ಎಂದು ಎಣಿಕೆ ಹೇಳಿಸಿದರು. ಮೂವತ್ತರವರೆಗೆ ಸರಿಯಾಗಿತ್ತು. ನಲವತ್ತಕ್ಕೆ ದನಿ ಮೂಗಿಗೆ ಹೋಯಿತು. ಅರವತ್ತು ಎಂದದ್ದು ನನಗೆ ಕೇಳಿಸಲೇ ಇಲ್ಲ. ಅವರು ಚೀಟಿ ಕೊಟ್ಟು ಮೈಸೂರಿನ ನರದ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಒಂದು ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ ಅವಳ ರೆಪ್ಪೆಯನ್ನೇ ನೋಡುತ್ತಾ ಕೂತರು. ಅವರಿಗೆ ಅನುಮಾನ ಬಂದ ಕಾಯಿಲೆಯೇ ಆಗಿದ್ದರೆ ಇಳಿಬಿದ್ದ ರೆಪ್ಪೆ ಮೇಲೇಳಬೇಕಂತೆ. ಸ್ವಲ್ಪ ಎದ್ದಿದೆ ಎಂದರು ಡಾಕ್ಟರು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ.

ಅವರು ಅನುಮಾನ ಪಟ್ಟ ಕಾಯಿಲೆಗೆ ಮಯಸ್ತೇನಿಯಾ ಎಂದು ಹೆಸರು. ನನಗೆ ತಿಳಿಯಲೆಂದು ಬಿಡಿಸಿ ಹೇಳಿದರು. "ನಮ್ಮ ಮೈಯನ್ನ ಕಾಯೋಕೆ ಅಂತ ರಕ್ತದಲ್ಲಿ ಆಂಟಿಬಾಡಿಗಳು ಇರ್ತವೆ ಯಜಮಾನ್ರೇ. ಹೊರಗಿಂದ ಬರೋ ರೋಗದ ಮೇಲೆ ಬೀಳಬೇಕಾದವು ಅವು. ಕೆಲವರಲ್ಲಿ ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ. ನರ ಹೇಳಿದ್ದು ಮಾಂಸಖಂಡಕ್ಕೆ ತಲುಪೋ ಜಾಗದಲ್ಲಿ ಕೂತ್ಕೊಂಡು ತಡೀತವೆ" ಎಂದರು. ಆ ಆಂಟಿಬಾಡಿ ಇದೆಯೋ ಇಲ್ಲವೋ ನೋಡಲು ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದ್ದಾರೆ. ರಿಪೋರ್ಟಿಗೆ ಒಂದು ತಿಂಗಳು ಬೇಕು.

ಯಾವಾಗ ಶುರುವಾಯಿತಮ್ಮಾ ಎಂದು ಡಾಕ್ಟರು ಕೇಳಿದರು. ಸುಧಾ ನೆಲ ನೋಡುತ್ತಾ, "ಮದುವೆ ಆಗಿ ಬಂದ ಮೇಲೆ" ಎಂದಳು.

ಸಿದ್ದಮಲ್ಲಪ್ಪ

*

ಅಂತರಸಂತೆ
10-9-1999

ಬೀಗರಿಗೆ ಶರಣು.

ಮದುವೆ ಆಗಿ ಬಂದ ಮೇಲೆ ಎಂದು ಅವಳೇ ಹೇಳಿದಳೇ? ಹಾಗಾದರೆ ಹಾಗೇ ಇರಬೇಕು.

ರಕ್ತದಲ್ಲಿ ಏನೂ ಸಿಗದಿರಲಿ ಎಂದು ದಿನಾ ಕೈಮುಗಿಯುತ್ತಿದ್ದೇನೆ. ರಿಪೋರ್ಟು ಬಂದ ಕೂಡಲೇ ಎರಡು ಸಾಲು ಬರೆಯಿರಿ.

ಸೋಮಯ್ಯ

*

ಗಾವಡಗೆರೆ
11-10-1999

ಬೀಗರಿಗೆ ನಮಸ್ಕಾರ.

ನಿಮ್ಮ ಹರಕೆ ಫಲಿಸಿತು. ರಿಪೋರ್ಟು ತರಲು ಮೊನ್ನೆ ನಾನೊಬ್ಬನೇ ಮೈಸೂರಿಗೆ ಹೋಗಿದ್ದೆ. ಡಾಕ್ಟರು ಕಾಗದ ತೆರೆದು ನೋಡಿ "ನೆಗೆಟಿವ್" ಎಂದರು. ಎಂದರೆ ಇಲ್ಲ ಎಂದು ಅರ್ಥ. ಅವರು ಅನುಮಾನ ಪಟ್ಟ ಆಂಟಿಬಾಡಿ ನಿಮ್ಮ ಮಗಳ ರಕ್ತದಲ್ಲಿ ಇಲ್ಲ. ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಕಾಗದ ನನ್ನ ಹತ್ತಿರ ಇದೆ. ಒಂದು ಜೆರಾಕ್ಸ್ ಮಾಡಿಸಿ, ಆ ಪದದ ಕೆಳಗೆ ಕೆಂಪು ಶಾಯಿಯ ಗೆರೆ ಎಳೆದು ಇದರ ಜೊತೆ ಇಟ್ಟಿದ್ದೇನೆ. ಡಾಕ್ಟರು ಇನ್ನೂ ಏನೋ ಹೇಳಿದರು. ಓದಿದವರ ಮಾತು, ನಮಗೆಲ್ಲಿ ಅರ್ಥವಾಗುತ್ತದೆ.

ಕಾಯಿಲೆ ಇಲ್ಲ ಎಂದ ಮೇಲೆ ಉಳಿದದ್ದೇನು ಎಂದು ನಾನು ಬರೆಯಲಾರೆ. ನೀವು ಹೆತ್ತವರು, ನಿಮಗೆ ತಿಳಿಯುತ್ತದೆ. ಕೆಲವು ತಿಂಗಳು ತವರಿನಲ್ಲಿ ಇರಲಿ. ನೀವು ಬುದ್ಧಿ ಹೇಳಿದರೆ ಕೇಳುತ್ತಾಳೆ. ಬರುವ ಸೋಮವಾರ ಶಿವಶಂಕರ ಅವಳನ್ನು ಎಚ್.ಡಿ. ಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟಿನವರೆಗೆ ಕರೆತರುತ್ತಾನೆ. ಹನ್ನೊಂದು ಗಂಟೆಗೆ ನೀವು ಅಲ್ಲಿರಿ.

ಸಿದ್ದಮಲ್ಲಪ್ಪ

*

ಅಂತರಸಂತೆ
2-11-1999

ಬೀಗರಿಗೆ ಶರಣು.

ಸುಧಾ ಬಂದು ಸೇರಿದಳು. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದಾಗ ಗಲ್ಲಕ್ಕೆ ಕೈ ಕೊಟ್ಟುಕೊಂಡು ನಿಂತಿದ್ದಳು. ಕೈ ತೆಗೆದರೆ ತಲೆ ಎದೆಯ ಮೇಲೆ ಬೀಳುತ್ತದೆ. ಅಳಿಯಂದಿರು ಟ್ರಂಕನ್ನು ನಮ್ಮೂರ ಬಸ್ಸಿಗೆ ಏರಿಸಿ, ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತಿದ್ದರು. ಅವಳೂ ಮಾತಾಡಲಿಲ್ಲ, ಅವರೂ ಮಾತಾಡಲಿಲ್ಲ.

ನೀವು ಕಳಿಸಿದ ರಿಪೋರ್ಟನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಅದನ್ನು ನೋಡಿದ ಮೇಲೆ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಯಾವ ಕಲ್ಲು ಎಂದು ಕೇಳಬೇಡಿ. ನನಗೂ ಒಂದು ಭಯ ಇತ್ತು. ಇಲ್ಲ ಎಂದು ಅಚ್ಚಿನಲ್ಲಿ ಬಂದಿದೆಯಲ್ಲ, ಸಾಕು.

ಅಕ್ಕರೆ ಹೆಚ್ಚಾಗಿ ಹುಡುಗಿ ಕೆಟ್ಟಿದೆ ಎಂದು ನನಗೂ ಅನ್ನಿಸುತ್ತಿದೆ. ಬೆಳಗಿನಿಂದ ಕೆಲಸ ಹಚ್ಚಿದ್ದೇನೆ. "ಅಪ್ಪ, ಆಗಲ್ಲ" ಎಂದರೆ "ನಾಟ್ಕ ಬುಡು ಮಗ, ಕಾಯ್ಲೆ ಇಲ್ಲ ಅಂತ ಬೆಂಗ್ಳೂರ್ನೋರೇ ಬರ್ದವ್ರೆ" ಎನ್ನುತ್ತೇನೆ. ಸಂಕ್ರಾಂತಿಯ ಹೊತ್ತಿಗೆ ಗಟ್ಟಿಯಾಗುತ್ತಾಳೆ. ನಾನೇ ಕರೆತಂದು ಬಿಡುತ್ತೇನೆ.

ಸೋಮಯ್ಯ

*

ಅಂತರಸಂತೆ
9-3-2000

ಗಾವಡಗೆರೆಯ ಸಿದ್ದಮಲ್ಲಪ್ಪನವರಿಗೆ,

ಫೆಬ್ರವರಿ ಹದಿನಾರನೇ ತಾರೀಖು ಮಧ್ಯಾಹ್ನ ನನ್ನ ಮಗಳು ಗಂಜಿ ಕುಡಿಯುತ್ತಿದ್ದಳು. ಗಂಜಿ ಗಂಟಲಿನಲ್ಲಿ ನಿಂತಿತು. ಕೆಮ್ಮಲು ಅವಳಲ್ಲಿ ಶಕ್ತಿ ಇರಲಿಲ್ಲ. ಉಸಿರು ಬಾಯಿಯ ತುದಿಯಲ್ಲಿ ಆಡುತ್ತಿತ್ತು, ಎದೆ ಏಳುತ್ತಿರಲಿಲ್ಲ. ಹಳೆಯ ಪರಿಚಯಕ್ಕೆ ಅರಣ್ಯ ಇಲಾಖೆಯವರು ಜೀಪು ಕೊಟ್ಟರು. ಎಚ್.ಡಿ. ಕೋಟೆಯ ಆಸ್ಪತ್ರೆಯಲ್ಲಿ ಮೈಸೂರಿಗೆ ಒಯ್ಯಿರಿ ಎಂದರು. ಮೈಸೂರಿನಲ್ಲಿ ಗಂಟಲಿಗೆ ಕೊಳವೆ ಇಳಿಸಿ ಮಿಷನ್ನಿನಿಂದ ಉಸಿರು ಕೊಟ್ಟರು. ಹನ್ನೊಂದು ದಿನ.

ನೀವು ತೋರಿಸಿದ ಡಾಕ್ಟರೇ ಬಂದು ನೋಡಿದರು. ನಾನು ದೇವರ ಗೂಡಿನಿಂದ ತಂದಿದ್ದ ಜೆರಾಕ್ಸನ್ನು ಅವರ ಕೈಗೆ ಕೊಟ್ಟು, ಕಾಯಿಲೆ ಇಲ್ಲ ಎಂದು ನೀವೇ ಹೇಳಿದ್ದಿರಲ್ಲ ಸ್ವಾಮಿ ಎಂದೆ. ಅವರು ಅದನ್ನು ಓದಿ ನನ್ನ ಕೈಗೇ ವಾಪಸು ಕೊಟ್ಟರು. ಆಮೇಲೆ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. "ಯಾರ್ರೀ ಹಾಗಂದೋರು? ಈ ಕಾಯಿಲೆ ಇರೋ ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ಈ ಟೆಸ್ಟಲ್ಲಿ ಏನೂ ಸಿಗಲ್ಲ. ಸಿಗಲಿಲ್ಲ ಅಂದ್ರೆ ಕಾಯಿಲೆ ಇಲ್ಲ ಅಂತ ಅಲ್ಲ. ವಾರದೊಳಗೆ ಕರ್ಕೊಂಡು ಬನ್ನಿ, ಮಾತ್ರೆ ಶುರು ಮಾಡಬೇಕು ಅಂತ ಅವತ್ತೇ ಇವರ ಮಾವನಿಗೆ ಹೇಳಿ ಕಳಿಸಿದೀನಿ."

ಡಾಕ್ಟರು ಇನ್ನೂ ಏನೋ ಹೇಳಿದರು, ನಮಗೆಲ್ಲಿ ಅರ್ಥವಾಗುತ್ತದೆ ಎಂದು ನೀವು ಬರೆದದ್ದು ಈ ಮಾತನ್ನು.

ನಾಲ್ಕು ತಿಂಗಳು ನಾನು ನನ್ನ ಮಗಳನ್ನು ಗದರಿದೆ. ನೀರಿಗೆ ಕಳಿಸಿದೆ. ಒಂದು ದಿನ ಬಿಂದಿಗೆ ಜಾರಿ ಬಿದ್ದಾಗ ಕೈಯೆತ್ತಿದೆ. ನಿಮ್ಮ ಕೆಂಪು ಗೆರೆಯನ್ನು ನಂಬಿ ಮಾಡಿದೆ.

ಬದುಕಿದ್ದಾಳೆ. ಗಂಟಲಿನ ಗಾಯ ಮಾಗಿದೆ. ದಿನಕ್ಕೆ ಐದು ಸಲ ಮಾತ್ರೆ. ನಿಮ್ಮ ಉತ್ತರ ಬೇಕೆಂದು ಬರೆದದ್ದಲ್ಲ. ತಿಳಿದಿರಲಿ ಎಂದು ಬರೆದೆ.

ಸೋಮಯ್ಯ

*

ಗಾವಡಗೆರೆ
1-4-2000

ಸೋಮಯ್ಯನವರಿಗೆ,

ನಿಮ್ಮ ಕಾಗದ ತಲುಪಿತು. ಜೀವಕ್ಕೆ ಅಪಾಯವಾಗಲಿಲ್ಲ ಎಂದು ತಿಳಿದು ಸಮಾಧಾನ.

ಸುಧಾಳ ಹಾಸಿಗೆ ಸುರುಳಿ ಬಿಚ್ಚಿದಾಗ ನನ್ನ ಹೆಂಡತಿಗೆ ಒಂದು ಚೀಟಿ ಸಿಕ್ಕಿತು. ಎಚ್.ಡಿ. ಕೋಟೆಯ ಕಣ್ಣಿನ ಡಾಕ್ಟರದು. ಹುಣಸೂರಿನಲ್ಲಿ ಓದಿಸಿದೆ. ಎರಡೂ ರೆಪ್ಪೆಗಳು ಸಂಜೆಯ ವೇಳೆ ಇಳಿಬೀಳುತ್ತವೆ, ನರದ ಡಾಕ್ಟರಿಗೆ ತೋರಿಸುವುದು ಎಂದಿದೆ. ತಾರೀಖು 22-1-1998. ನಮ್ಮ ಮನೆಯಲ್ಲಿ ಮದುವೆಯಾದದ್ದು ಮೇ ತಿಂಗಳಲ್ಲಿ.

ಯಾವತ್ತೂ ಕಂಡದ್ದಲ್ಲ ಎಂದು ಬರೆದವರು ನೀವು. ಆ ಕಾಗದ ನನ್ನ ಹತ್ತಿರ ಜೋಪಾನವಾಗಿದೆ. ಮುಚ್ಚಿಟ್ಟವರು ಯಾರು ಎಂದು ನಾಲ್ಕು ಜನರ ಮುಂದೆ ಕೇಳಿದರೆ ಯಾರು ತಲೆ ತಗ್ಗಿಸಬೇಕಾಗುತ್ತದೆ, ಯೋಚಿಸಿ.

ಇನ್ನು ನಮ್ಮ ನಡುವೆ ಕಾಗದ ಬೇಡ.

ಸಿದ್ದಮಲ್ಲಪ್ಪ

*

ಗಾವಡಗೆರೆ
21-2-2005

ಸೋಮಯ್ಯನವರಿಗೆ ಸಿದ್ದಮಲ್ಲಪ್ಪನ ನಮಸ್ಕಾರಗಳು.

ಐದು ವರ್ಷದ ಮೇಲೆ ಈ ಕೈಬರಹ ನೋಡಿ ನೀವು ಒಡೆಯದೆ ಎಸೆದರೂ ಆಶ್ಚರ್ಯವಿಲ್ಲ. ಒಳಗೊಂದು ಬೇರೆ ಕಾಗದ ಇದೆ. ಅದನ್ನಾದರೂ ಓದಿ. ಅದು ಸುಧಾಗೆ ಬಂದದ್ದು.

ಮೈಸೂರಿನ ಆ ಡಾಕ್ಟರು ಬರೆದದ್ದು. ಮೊದಲ ಸಲ ಹೋದಾಗ ಆಸ್ಪತ್ರೆಯ ಪುಸ್ತಕದಲ್ಲಿ ನನ್ನ ವಿಳಾಸ ಬರೆಸಿದ್ದೆ. ಅದು ಹಾಗೆಯೇ ಉಳಿದಿದೆ. ಹಿಂದಿನ ಪರೀಕ್ಷೆಯಲ್ಲಿ ನೆಗೆಟಿವ್ ಬಂದವರಲ್ಲಿ ಕೆಲವರ ರಕ್ತದಲ್ಲಿ ಬೇರೆಯೇ ಒಂದು ಜಾತಿಯ ಆಂಟಿಬಾಡಿ ಇರುತ್ತದೆಂದು ಈಚೆಗೆ ಗೊತ್ತಾಗಿದೆಯಂತೆ. ಅದಕ್ಕೆ ಹೊಸ ಪರೀಕ್ಷೆ ಬಂದಿದೆ. ರಕ್ತವನ್ನು ಬೆಂಗಳೂರಿನಿಂದ ಹೊರದೇಶಕ್ಕೆ ಕಳಿಸುತ್ತಾರೆ. ಎದೆಯ ಆಪರೇಷನ್ ಬೇಕೋ ಬೇಡವೋ ತೀರ್ಮಾನಿಸುವ ಮೊದಲು ಈ ಪರೀಕ್ಷೆ ಮಾಡಿಸುವುದು ಒಳ್ಳೆಯದು, ತಪ್ಪದೆ ಬನ್ನಿ ಎಂದು ಬರೆದಿದ್ದಾರೆ. ಆಪರೇಷನ್ನಿನ ವಿಷಯ ನನಗೆ ಗೊತ್ತೇ ಇರಲಿಲ್ಲ.

ಈ ಕಾಗದ ನನ್ನ ಕೈಗೆ ಬಂದು ಹನ್ನೆರಡು ದಿನವಾಯಿತು. ಹನ್ನೆರಡು ದಿನ ಇಟ್ಟುಕೊಂಡೆ. ಅಂಚೆಯಲ್ಲೇ ತಡವಾಯಿತು ಎಂದು ಬರೆದರೆ ನೀವು ನಂಬುತ್ತಿದ್ದಿರಿ. ತಾರೀಖು ಅದರ ಮೇಲೇ ಇದೆ. ಒಮ್ಮೆ ಮರೆಮಾಚಿದವನು ಎರಡನೇ ಸಲ ಮರೆಮಾಚಲು ಹನ್ನೆರಡು ದಿನ ಯೋಚಿಸಿದೆ. ಇಷ್ಟು ನಿಮಗೆ ಗೊತ್ತಿರಲಿ.

ಆವತ್ತು ಡಾಕ್ಟರು ಹೇಳಿದ್ದು ನನಗೆ ಅರ್ಥವಾಗಿತ್ತು. ಪೂರ್ತಿ ಅರ್ಥವಾಗಿತ್ತು. ಎರಡು ಸಲ ಹೇಳಿದರು. ಕೊನೆಗೆ, "ಯಜಮಾನ್ರೇ, ತಿಳೀತಾ?" ಎಂದೂ ಕೇಳಿದರು. ತಿಳಿಯಿತು ಎಂದು ಎದ್ದು ಬಂದೆ. ಹುಣಸೂರಿನ ಬಸ್ಸಿನಲ್ಲಿ ರಿಪೋರ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಾಯಿಲೆ ಇದೆ ಎಂದರೆ ಅವಳು ನಮ್ಮವಳು. ಜೀವಮಾನವೆಲ್ಲ ಮಾತ್ರೆ, ಮಕ್ಕಳಾಗುವುದೂ ಅನುಮಾನ. ಕಾಯಿಲೆ ಇಲ್ಲ ಎಂದರೆ ತಪ್ಪು ಅವಳದು, ನಾವು ಕೈ ತೊಳೆದುಕೊಳ್ಳಬಹುದು. ಆ ಒಂದು ಪದ ನನಗೆ ಅನುಕೂಲವಾಗಿತ್ತು. ಬಿಳಿಕೆರೆ ದಾಟುವಷ್ಟರಲ್ಲಿ ಉಳಿದ ಮಾತನ್ನು ಮರೆಯಲು ತೀರ್ಮಾನ ಮಾಡಿದ್ದೆ. ಸುನಂದಮ್ಮನಿಗೂ ಹೇಳಲಿಲ್ಲ, ಶಿವಶಂಕರನಿಗೂ ಹೇಳಲಿಲ್ಲ. ಸುಧಾ ಅಡುಗೆಮನೆಯ ಬಾಗಿಲಲ್ಲಿ ನಿಂತು "ಏನಂದ್ರು ಮಾವ?" ಎಂದು ಕೇಳಿದಳು. "ಏನೂ ಇಲ್ವಂತೆ" ಎಂದೆ.

2001ರಲ್ಲಿ ಕೆ.ಆರ್. ನಗರದ ಕಡೆ ಶಿವಶಂಕರನಿಗೆ ಇನ್ನೊಂದು ಹೆಣ್ಣು ನೋಡಿದೆ. ನಿಮ್ಮ ಕಿವಿಗೂ ಬಿದ್ದಿರಬಹುದು. ಅಷ್ಟರಲ್ಲಿ ನೀವು ಆಸ್ಪತ್ರೆಯಿಂದ ಬಂದ ಮೇಲೆ ಬರೆದ ಕಾಗದ ಅವನ ಕೈಗೆ ಸಿಕ್ಕಿತ್ತು. "ಅಪ್ಪ, ಡಾಕ್ಟ್ರು ಅಂಗೆ ಏಳಿದ್ದು ನಿಜಾನಾ?" ಎಂದು ಕೇಳಿದ. ನಾನು ಎದ್ದು ಹೊಲದ ಕಡೆ ಹೋದೆ. ಮಾರನೆಯ ದಿನ ಬಟ್ಟೆ ತೆಗೆದುಕೊಂಡು ಪಿರಿಯಾಪಟ್ಟಣಕ್ಕೆ ಹೋದ. ಅಲ್ಲಿ ಹೊಗೆಸೊಪ್ಪಿನ ಮಾರ್ಕೆಟ್ಟಿನಲ್ಲಿ ಕೆಲಸ. ಹಬ್ಬಕ್ಕೆ ಬರುತ್ತಾನೆ, ಅವರಮ್ಮನ ಹತ್ತಿರ ಮಾತಾಡಿ ಹೋಗುತ್ತಾನೆ.

ಊರಿನಲ್ಲಿ ಈಗ ಎಸ್‌ಟಿಡಿ ಬೂತಿದೆ, ಫೋನು ಮಾಡಬಹುದಿತ್ತು. ಇದನ್ನು ಬಾಯಲ್ಲಿ ಹೇಳುವ ಶಕ್ತಿ ನನಗಿಲ್ಲ.

ಸಿದ್ದಮಲ್ಲಪ್ಪ

*

ಅಂತರಸಂತೆ
6-3-2005

ಸಿದ್ದಮಲ್ಲಪ್ಪನವರಿಗೆ ಶರಣು.

ಡಾಕ್ಟರ ಕಾಗದವನ್ನು ಸುಧಾಗೆ ಕೊಟ್ಟೆ. ನಿಮ್ಮದನ್ನೂ ಕೊಟ್ಟೆ. ಓದಿ ಮಡಚಿಟ್ಟಳು. ನಾಡಿದ್ದು ಮೈಸೂರಿಗೆ ಹೋಗುತ್ತೇವೆ.

ನಿಮ್ಮ ಕಾಗದ ನನಗೆ ಸಿಟ್ಟು ತರಲಿಲ್ಲ. ನಾಚಿಕೆ ತಂದಿತು. ಕಣ್ಣಿನ ಡಾಕ್ಟರ ಚೀಟಿ ಸುಳ್ಳಲ್ಲ. ಅವಳನ್ನು ಕೋಟೆಗೆ ಕರೆದುಕೊಂಡು ಹೋದವನು ನಾನೇ. ಅದರ ಹಿಂದಿನ ದೀಪಾವಳಿಯಿಂದ ಸಂಜೆಯಾದರೆ ರೆಪ್ಪೆ ಇಳಿಯುತ್ತಿತ್ತು. ನರದ ಡಾಕ್ಟರಿಗೆ ತೋರಿಸಿ ಎಂದರು. ತೋರಿಸಿದರೆ ಹೆಸರು ಬರುತ್ತದೆ, ಹೆಸರು ಬಂದರೆ ಸಂಬಂಧ ಬರುವುದಿಲ್ಲ. ನಾನು ಸತ್ತರೆ ಇವಳಿಗೆ ಯಾರು ಎಂಬುದೊಂದೇ ತಲೆಯಲ್ಲಿತ್ತು. ಹೆಣ್ಣು ನೋಡಲು ನಿಮ್ಮನ್ನು ಬೆಳಿಗ್ಗೆ ಎಂಟು ಗಂಟೆಗೇ ಬರಹೇಳಿದ್ದೆ. ಆಮೇಲೆ ರಾಹುಕಾಲ ಎಂದೆ. ರಾಹುಕಾಲ ಅಲ್ಲ. ಎಂಟು ಗಂಟೆಗೆ ಅವಳ ಕಣ್ಣು ಪೂರ್ತಿ ತೆರೆದಿರುತ್ತಿದ್ದವು.

ಯಾರು ಕೇಳಿದರೂ ಬಾಯಿ ಬಿಡಬೇಡ ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೆ. ಅದಕ್ಕೇ ಡಾಕ್ಟರು ಕೇಳಿದಾಗ ಹಾಗೆ ಹೇಳಿದಳು. ನೀವು ಡಾಕ್ಟರ ಮಾತನ್ನು ನಮಗೆ ಅರ್ಧ ತಲುಪಿಸಿದಿರಿ. ನಾನು ಡಾಕ್ಟರಿಗೇ ಅರ್ಧ ತಲುಪುವ ಹಾಗೆ ಮಾಡಿದ್ದೆ.

ನಿಮಗೆ ತಿಳಿಸದ ಇನ್ನೊಂದು ವಿಷಯವಿದೆ. ನಾಲ್ಕು ವರ್ಷದಿಂದ ಶಿವಶಂಕರ ಸಂತೆಯ ದಿನ ಇಲ್ಲಿಗೆ ಬರುತ್ತಾನೆ. ಮೊದಮೊದಲು ಮನೆಗೆ ಬರಲಿಲ್ಲ. ಟೀ ಅಂಗಡಿಯಲ್ಲಿ ಕೂತು, ಮೈಸೂರಿನಿಂದ ತಂದ ಮಾತ್ರೆಯ ಪೊಟ್ಟಣವನ್ನು ಅಂಗಡಿಯ ಚೆಲುವಮ್ಮನ ಕೈಯಲ್ಲಿ ಕಳಿಸುತ್ತಿದ್ದ. ಸುಧಾ ಅವನನ್ನು ಮಾತಾಡಿಸಲಿಲ್ಲ. ಒಂದು ವರ್ಷ ಹೀಗೇ ನಡೆಯಿತು. ಒಂದು ಸಂತೆಗೆ ಅವನು ಬರಲಿಲ್ಲ, ಜ್ವರವಂತೆ. ಅವತ್ತು ಅವಳು ಮೂರು ಸಲ ಬಾಗಿಲಿಗೆ ಬಂದು ಹೋದಳು. ಮುಂದಿನ ವಾರ ಒಳಗೆ ಕರೆದು ಚಾಪೆ ಹಾಕಿದಳು. "ನಾನು ಅವತ್ತು ಬಸ್ಸಲ್ಲಿ ಕೂತಾಗ ಯಾಕ್ರೀ ಒಂದ್ ಮಾತೂ ಆಡ್ಲಿಲ್ಲ?" ಎಂದು ಕೇಳಿದಳು. "ಆಡಿದ್ರೆ ಇಳಿಸ್ಕೊಂಡ್ಬುಡ್ತಿದ್ದೆ" ಎಂದ. "ಮತ್ತೆ ಇಳಿಸ್ಕೊಬೇಕಿತ್ತು" ಎಂದಳು. ನಾನು ದನ ನೋಡುವ ನೆಪದಲ್ಲಿ ಎದ್ದು ಹೊರಗೆ ಹೋದೆ.

ನಿಮ್ಮ ಮಗ ಬರುವುದನ್ನು ನಿಮಗೆ ತಿಳಿಸಬಾರದು ಎಂದು ಅವನೇನೂ ಹೇಳಿರಲಿಲ್ಲ. ನಿಮ್ಮ ಮೇಲಿನ ಹಟಕ್ಕೆ ನಾನೇ ತಿಳಿಸಲಿಲ್ಲ.

ಸುಧಾ ಈಗ ಇಲ್ಲಿನ ಅಂಗನವಾಡಿಯ ಟೀಚರು. ಮೂರು ವರ್ಷವಾಯಿತು. ಹಾಡು, ಕಥೆ ಎಲ್ಲವನ್ನೂ ಬೆಳಿಗ್ಗೆಯೇ ಮುಗಿಸುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಸಹಾಯಕಿ ಯಶೋದಮ್ಮ ನೋಡಿಕೊಳ್ಳುತ್ತಾರೆ. ಆದರೆ ಮಾತ್ರೆ ಅಷ್ಟಾಗಿ ಹಿಡಿಯುತ್ತಿಲ್ಲ. ಹೊಟ್ಟೆ ಹಿಂಡುತ್ತದೆ, ಕೆನ್ನೆಯ ಮಾಂಸ ಅದುರುತ್ತದೆ. ಅದಕ್ಕೇ ಎದೆ ಸೀಳಿ ಒಂದು ಗ್ರಂಥಿ ತೆಗೆಯುವ ಮಾತು ಬಂದದ್ದು.

ಸೋಮಯ್ಯ

*

ಗಾವಡಗೆರೆ
14-3-2005

ಬೀಗರೇ,

ಮತ್ತೆ ಹಾಗೆ ಕರೆಯಬಹುದೇ ತಿಳಿಯದು, ಕರೆದಿದ್ದೇನೆ.

ಶಿವಶಂಕರ ಬರುವ ವಿಷಯವನ್ನು ಸುನಂದಮ್ಮನಿಗೆ ಓದಿ ಹೇಳಿದೆ. ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. ಆಮೇಲೆ, "ನಾನೂ ಅವ್ಳಿಗೆ ಬಾಯ್ಗೆ ಬಂದಂಗೆ ಅಂದಿವ್ನಿ ಕಣ್ರೀ. ನೀವು ಡಾಕ್ಟ್ರು ಏಳಿದ್ದ ಏಳಿದ್ರೆ ಅಂತಿರ್ಲಿಲ್ಲ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಂತಿದ್ನೋ ಏನೋ" ಎಂದಳು.

ರಿಪೋರ್ಟು ಬರುವ ದಿನ ನಾನೂ ಮೈಸೂರಿಗೆ ಬರಲೇ? ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ.

ಸಿದ್ದಮಲ್ಲಪ್ಪ

*

ಅಂತರಸಂತೆ
30-5-2005

ಬೀಗರಿಗೆ ಶರಣು.

ನೀವು ಬರಲೇ ಎಂದು ಕೇಳಿದ್ದನ್ನು ಸುಧಾಗೆ ಹೇಳಿದ್ದೆ. "ಬ್ಯಾಡ ಅಪ್ಪ. ಈ ಸಲ ರಿಪೋರ್ಟ್ ನಾನೇ ಈಸ್ಕೊತೀನಿ" ಎಂದಳು. ಅದಕ್ಕೇ ನಿಮಗೆ ಉತ್ತರ ಬರೆಯಲಾಗದೆ ಸುಮ್ಮನಿದ್ದೆ.

ಮೊನ್ನೆ ರಿಪೋರ್ಟು ಬಂತು. ಪಾಸಿಟಿವ್. ಡಾಕ್ಟರು ನನ್ನ ಕಡೆಗೂ ಶಿವಶಂಕರನ ಕಡೆಗೂ ತಿರುಗದೆ ಅವಳಿಗೇ ಎಲ್ಲ ಹೇಳಿದರು. ಅವಳ ರಕ್ತದಲ್ಲಿ ಇರುವುದು ಎರಡನೇ ಜಾತಿಯದು. ಈ ಜಾತಿಯವರಿಗೆ ಎದೆಯ ಆಪರೇಷನ್ನಿನಿಂದ ಉಪಯೋಗ ಕಂಡಿಲ್ಲ, ಆದ್ದರಿಂದ ಬೇಡ. ಹಳೆಯ ಮಾತ್ರೆಯೂ ಇವರಿಗೆ ಸರಿಹೋಗುವುದು ಕಡಿಮೆ. ಅದನ್ನು ಇಳಿಸಿ, ರಕ್ತದಲ್ಲಿನ ಆ ಆಂಟಿಬಾಡಿಯನ್ನೇ ತಗ್ಗಿಸುವ ಹೊಸ ಮಾತ್ರೆ ಶುರು ಮಾಡಿದ್ದಾರೆ. ಪೂರ್ತಿ ಫಲ ಕಾಣಲು ತಿಂಗಳುಗಟ್ಟಲೆ ಬೇಕು, ಪೂರ್ತಿ ವಾಸಿ ಎಂದು ಹೇಳಲಾರೆ ಎಂದರು. ಅವಳು ಒಂದೊಂದಾಗಿ ಪ್ರಶ್ನೆ ಕೇಳಿದಳು. ನಡುವೆ ದನಿ ಬಿದ್ದಾಗ ಡಾಕ್ಟರು ಕಾದರು.

ಹೊರಗೆ ಬಂದ ಮೇಲೆ ನನಗೆ ಕಣ್ಣೀರು ತಡೆಯಲಾಗಲಿಲ್ಲ. "ಗೊತ್ತಾಯ್ತಲ್ಲ ಮಗ, ಗೊತ್ತಾಯ್ತಲ್ಲ" ಎಂದು ಅದನ್ನೇ ಹೇಳುತ್ತಿದ್ದೆ. ಅವಳು ನನ್ನ ಕೈ ಹಿಡಿದುಕೊಂಡು ಹೇಳಿದಳು: "ನಿಮ್ಗೆ ಈಗ ಗೊತ್ತಾಯ್ತು ಅಪ್ಪ. ನಂಗೆ ಎಂಟು ವರ್ಷದಿಂದ ಗೊತ್ತು."

ಅವತ್ತೇ ನಿಮಗೆ ಬರೆಯುತ್ತೇನೆ ಎಂದೆ. ಇಷ್ಟು ಮಾತ್ರ ನೀವು ಬರೆಯಿರಿ, ಉಳಿದದ್ದನ್ನು ನಾನು ಬರೆಯುತ್ತೇನೆ ಎಂದಿದ್ದಾಳೆ.

ಸೋಮಯ್ಯ

*

ಅಂತರಸಂತೆ
12-6-2005

ಮಾವನವರಿಗೆ ಸುಧಾಮಣಿ ಮಾಡುವ ನಮಸ್ಕಾರಗಳು. ಅತ್ತೆಯವರಿಗೂ ತಿಳಿಸಿ.

ಈ ಕಾಗದವನ್ನು ಮೂರು ದಿನ ಬೆಳಗ್ಗೆ ಕೂತು ಬರೆದಿದ್ದೇನೆ. ಕೈ ಸೋತಲ್ಲಿ ಅಕ್ಷರ ಡೊಂಕಾಗಿರುತ್ತದೆ.

ನನ್ನ ಬಗ್ಗೆ ನೀವೂ ಅಪ್ಪನೂ ಬರೆದುಕೊಂಡ ಕಾಗದಗಳನ್ನೆಲ್ಲ ಓದಿದ್ದೇನೆ. ನಿಮಗೆ ಬಂದವನ್ನು ಶಿವಶಂಕರ ಅವರು ತಂದುಕೊಟ್ಟರು. ಒಂದರಲ್ಲೂ, ಸುಧಾ ಏನನ್ನುತ್ತಾಳೆ ಕೇಳಿ ಬರೆಯಿರಿ ಎಂದು ಇರಲಿಲ್ಲ.

ನನ್ನ ತಪ್ಪೂ ಇದೆ. ಡಾಕ್ಟರು ಯಾವಾಗ ಶುರುವಾಯಿತು ಎಂದಾಗ ಅಪ್ಪನಿಗೆ ಕೊಟ್ಟ ಮಾತು ಅಡ್ಡ ಬಂತು. ಪಕ್ಕದಲ್ಲಿ ನೀವು ಕೂತಿದ್ದಿರಿ. ಸುಳ್ಳು ಹೇಳಿದೆ. ನಿಜ ಹೇಳಿದ್ದರೆ ಅವರು ನಿಮ್ಮ ಕೈಗೆ ರಿಪೋರ್ಟು ಕೊಡದೆ ನನ್ನನ್ನೇ ಬರಹೇಳುತ್ತಿದ್ದರೋ ಏನೋ. ಕಳೆದ ತಿಂಗಳು ಅದನ್ನು ಅವರಿಗೆ ಹೇಳಿದೆ. ಪುಸ್ತಕದಲ್ಲಿ ತಾರೀಖು ತಿದ್ದಿಕೊಂಡರು.

ನೀವು "ಏನೂ ಇಲ್ವಂತೆ" ಎಂದಾಗ ನನಗೆ ಅಷ್ಟು ನೋವಾಗಲಿಲ್ಲ ಮಾವ. ಹೊರಗಿನಿಂದ ಬಂದವಳು, ನಂಬಲಿಲ್ಲ ಎಂದುಕೊಂಡೆ. ಇಲ್ಲಿಗೆ ಬಂದ ಮೇಲೆ ಅಪ್ಪ ಬಿಂದಿಗೆ ಕೈಗೆ ಕೊಟ್ಟು ನಾಟಕ ಬಿಡು ಎಂದಾಗ ಬಹಳ ನೋವಾಯಿತು. ಕೆಲವು ದಿನ ನನಗೇ ಅನುಮಾನ ಬಂತು, ನಾನು ನಾಟಕ ಆಡುತ್ತಿದ್ದೇನೇನೋ ಎಂದು. ಬೇಕೆಂದೇ ತಲೆ ಎತ್ತಿ ನೋಡುತ್ತಿದ್ದೆ. ಏಳುತ್ತಿರಲಿಲ್ಲ. ಆ ದಿನಗಳನ್ನು ಇನ್ನೂ ಅಪ್ಪನ ಜೊತೆ ಮಾತಾಡಿ ಮುಗಿಸಿಲ್ಲ. ಅವರೇ ಗಂಜಿ ಕಾಸಿ, ಸೋಸಿ, ಚಮಚದಲ್ಲಿ ಕುಡಿಸಿ ನನ್ನನ್ನು ಬದುಕಿಸಿದವರು. ಎರಡನ್ನೂ ಜೊತೆಗೆ ಇಟ್ಟುಕೊಂಡಿದ್ದೇನೆ.

ಹೊಸ ಮಾತ್ರೆ ಹಿಡಿಯುತ್ತಿರುವ ಹಾಗಿದೆ. ಅದರಿಂದ ಮುಖ ಸ್ವಲ್ಪ ಊದಿಕೊಂಡಿದೆ, ಅಂಗನವಾಡಿಯ ಮಕ್ಕಳು ನೋಡಿ ನಗುತ್ತವೆ. ನೀರು ಮೂಗಿಗೆ ಬರುವುದು ಕಡಿಮೆಯಾಗಿದೆ.

ಶಿವಶಂಕರ ಅವರು ಹ್ಯಾಂಡ್‌ಪೋಸ್ಟಿನಲ್ಲಿ ಮನೆ ನೋಡಿದ್ದಾರೆ. ನಾನು ಒಪ್ಪಿದ್ದೇನೆ. ಅಲ್ಲಿಂದ ನನಗೆ ಬೆಳಗಿನ ಬಸ್ಸು ಅಂತರಸಂತೆಗೆ ಇದೆ. ಅವರು ಅಲ್ಲಿಯೇ ಕೆಲಸ ಹುಡುಕಿಕೊಳ್ಳುತ್ತಾರಂತೆ. ಗಾವಡಗೆರೆಗೆ ಬಂದು ಇರುವುದಿಲ್ಲ. ಸಿಟ್ಟಿನಿಂದ ಅಲ್ಲ. ಹೊಗೆಸೊಪ್ಪಿನ ಕೆಲಸ ನನ್ನ ಕೈಯಲ್ಲಿ ಆಗುವುದಿಲ್ಲ. ಆಗುತ್ತಿಲ್ಲವಲ್ಲ ಎಂದು ಕೊರಗುತ್ತಾ ಇರುವುದೂ ನನಗೆ ಬೇಡ. ಇಲ್ಲಿ ಇಪ್ಪತ್ತಾರು ಮಕ್ಕಳಿವೆ.

ಮನೆ ಮಾಡಿದ ಮೇಲೆ ನೀವೂ ಅತ್ತೆಯವರೂ ಬನ್ನಿ. ನನ್ನ ಕಾಯಿಲೆಯ ಬಗ್ಗೆ, ಮಕ್ಕಳಾಗುವ ಬಗ್ಗೆ, ಇನ್ನೇನಾದರೂ ಇದ್ದರೆ, ಅಪ್ಪನನ್ನಾಗಲಿ ನಿಮ್ಮ ಮಗನನ್ನಾಗಲಿ ಕೇಳಬೇಡಿ. ನನ್ನನ್ನೇ ಕೇಳಿ. ನನ್ನ ಮಾತು ನಿಧಾನ. ನಡುನಡುವೆ ನಿಲ್ಲಿಸಬೇಕಾಗುತ್ತದೆ. ನಿಲ್ಲಿಸಿದೆ ಎಂದರೆ ಮುಗಿಯಿತು ಎಂದುಕೊಂಡು ಎದ್ದು ಹೋಗಬೇಡಿ.

ಸುಧಾಮಣಿ